ಪುಕ್ಕಟೆ ಲಸಿಕೆಯ ಲೆಕ್ಕ

ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು, ಬಾಲಕ್ಷಯ, ದಡಾರ, ಪೋಲಿಯೋ. ಹಿಂದಿನ ತಾಯಂದಿರ ಎದೆ ನಡುಗಿಸುತ್ತಿದ್ದ ಈ ಹೆಸರುಗಳಲ್ಲಿ ಕೆಲವನ್ನು ಇಂದಿನ ಎಳೆಯ ತಾಯಂದಿರು ಕೇಳಿಯೇ ಇಲ್ಲ. ಈ ಮರೆವು ತಾನಾಗಿ ಬಂದದ್ದಲ್ಲ. ಅದರ ಹಿಂದೊಂದು ಚರಿತ್ರೆಯಿದೆ; ಅದು ಬಹುಮಟ್ಟಿಗೆ ಹೆಂಗಸರ ಚರಿತ್ರೆ ಎಂದೇ ನನ್ನ ಭಾವನೆ.

ಸಿಡುಬು ನಮ್ಮ ದೇಶ ಬಿಟ್ಟದ್ದು 1975ರಲ್ಲಿ. 1978ರಲ್ಲಿ ಸರ್ಕಾರ ಮಕ್ಕಳಿಗೆ ಇತರ ಲಸಿಕೆಗಳನ್ನು ಹಾಕಿಸಲು ಹೊರಟಿತಾದರೂ ಆ ಕೆಲಸ ಹೆಚ್ಚಾಗಿ ನಗರಗಳಲ್ಲೇ ಉಳಿಯಿತು. 1985ರಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಬಂತು. ಮೇಲೆ ಹೇಳಿದ ಆರೂ ರೋಗಗಳಿಗೆ ಪುಕ್ಕಟೆ ಲಸಿಕೆ. 1990ರ ಹೊತ್ತಿಗೆ ಅದು ಎಲ್ಲ ಜಿಲ್ಲೆಗಳನ್ನೂ ಮುಟ್ಟಿತು.

ಪುಕ್ಕಟೆ ಎಂದ ಮಾತ್ರಕ್ಕೆ ಲಸಿಕೆ ಮಗುವನ್ನು ತಲುಪುವುದಿಲ್ಲ. ಆರೋಗ್ಯ ಕೇಂದ್ರದಲ್ಲಿ ಅದು 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು. ಬಿಸಿಲಿಗೆ ಪೋಲಿಯೋ ಹನಿ ಕೆಡುತ್ತದೆ. ಹೆಪ್ಪುಗಟ್ಟಿದರೆ ಧನುರ್ವಾಯುವಿನ ಲಸಿಕೆ ಕೆಡುತ್ತದೆ. ಕರೆಂಟು ಕೈಕೊಡುವ ಊರುಗಳಿಗೆ ನರ್ಸಮ್ಮ ಐಸಿನ ಪೆಟ್ಟಿಗೆಯನ್ನು ಹೆಗಲಿಗೇರಿಸಿಕೊಂಡು ಹೋಗಬೇಕು. ಬಿಸಿಜಿಯ ಒಂದು ಸೀಸೆ ಸುಮಾರು 10 ಮಕ್ಕಳಿಗೆ ಸಾಕು. ಕಲಸಿದ ಮೇಲೆ ಅದಕ್ಕೆ 4 ಗಂಟೆಯಷ್ಟೇ ಆಯಸ್ಸು. ಬಂದದ್ದು ಒಂದೇ ಮಗುವಾದರೆ? ಆಗಲೂ ಸೀಸೆ ತೆರೆಯಬೇಕೆಂಬುದೇ ನಿಯಮ. ಉಳಿದದ್ದು ಚೆಲ್ಲಿಹೋದರೂ ಸರಿ, ಮಗು ಲಸಿಕೆಯಿಲ್ಲದೆ ಹಿಂತಿರುಗಬಾರದು. ಸರ್ಕಾರಿ ನಿಯಮಗಳಲ್ಲಿ ಇಷ್ಟು ತಾಯ್ತನವಿರುವ ಇನ್ನೊಂದನ್ನು ನಾನು ಕಂಡಿಲ್ಲ.

1995ರಲ್ಲಿ ಪಲ್ಸ್ ಪೋಲಿಯೋ ಶುರುವಾಯಿತು. ಮುಂದೆ ಕಾರ್ಯಕರ್ತೆಯರು ಮನೆಮನೆಗೂ ನಡೆದರು. ಹನಿ ಕುಡಿದ ಮಗುವಿನ ಕಿರುಬೆರಳಿಗೆ ಶಾಯಿ, ಬಾಗಿಲ ಬದಿಗೆ ಸೀಮೆಸುಣ್ಣದ ಗುರುತು. ಎಷ್ಟು ಮಕ್ಕಳಿಗೆ ಹಾಕಿದೆವು ಎಂಬುದಕ್ಕಿಂತ ಯಾವ ಮಗು ತಪ್ಪಿಹೋಯಿತು ಎಂಬುದೇ ಅಲ್ಲಿ ದೊಡ್ಡ ಲೆಕ್ಕ. ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ. 2014ರಲ್ಲಿ ನಮಗೆ ಪೋಲಿಯೋಮುಕ್ತ ಪ್ರಮಾಣಪತ್ರ ದೊರೆಯಿತು.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 1992-93ರಲ್ಲಿ ವರ್ಷ ದಾಟಿದ 100 ಮಕ್ಕಳಲ್ಲಿ ಮೂಲ ಲಸಿಕೆಗಳೆಲ್ಲ ಆಗಿದ್ದುದು ಸುಮಾರು 35ಕ್ಕೆ, 2019-21ರಲ್ಲಿ 76ಕ್ಕೆ. ಉಳಿದ 24 ಮಕ್ಕಳು ಎಲ್ಲಿ? ಕೂಲಿಗಾಗಿ ಊರು ಬಿಟ್ಟವರ ಗುಡಿಸಿಲುಗಳಲ್ಲಿ, ಕಟ್ಟಡ ಏಳುತ್ತಿರುವ ಜಾಗಗಳಲ್ಲಿ, ಹೆದರಿದ ಮನೆಗಳಲ್ಲಿ. ಅವರನ್ನು ಹುಡುಕಿಕೊಂಡು ಹೋಗುವವಳು ಆಶಾ ಕಾರ್ಯಕರ್ತೆ. 2005ರಲ್ಲಿ ಆರಂಭವಾದ ಈ ಕೆಲಸಕ್ಕೆ ಸಂಬಳವೆಂಬುದಿಲ್ಲ. ಗೌರವಧನ, ಪ್ರೋತ್ಸಾಹಧನ ಅಷ್ಟೆ.

ಲಸಿಕೆ ಮಗುವಿಗೆ ಪುಕ್ಕಟೆಯಾಗಿಯೇ ಇರಲಿ. ಅದನ್ನು ಹೊತ್ತು ತರುವ ಹೆಣ್ಣಿನ ದುಡಿಮೆ ಮಾತ್ರ ಪುಕ್ಕಟೆಯಾಗದಿರಲಿ.