ವೃತ್ತಿ ಬದಲಿಸಿ ನರ್ಸಿಂಗ್ ಶಿಕ್ಷಣಕ್ಕೆ ಸೇರಬಯಸುವ ವಯಸ್ಕರಿಗೆ ಸಂಸ್ಥೆಯ ಆಯ್ಕೆ ಕುರಿತು ಮಾಹಿತಿ (ಚಿಕ್ಕಬಳ್ಳಾಪುರ ಜಿಲ್ಲೆ)

ಪೀಠಿಕೆ

ಚಿಕ್ಕಬಳ್ಳಾಪುರ ಜಿಲ್ಲೆಯು 2007ರಲ್ಲಿ ಕೋಲಾರ ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾಯಿತು. ಜಿಲ್ಲೆಯ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳಲ್ಲಿ ಸಿದ್ಧ ಉಡುಪು ಕಾರ್ಖಾನೆ, ರೇಷ್ಮೆ ನೂಲು ಬಿಚ್ಚಾಣಿಕೆ ಘಟಕ, ಅಂಗಡಿ, ಖಾಸಗಿ ಆಸ್ಪತ್ರೆ ಮುಂತಾದೆಡೆ ಕೆಲವು ವರ್ಷ ದುಡಿದ ನಂತರ ನರ್ಸಿಂಗ್ ವೃತ್ತಿಗೆ ಬರಬಯಸುವವರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಪಿ.ಯು.ಸಿ. ಮುಗಿಸಿ ನೇರವಾಗಿ ಸೇರುವ ವಿದ್ಯಾರ್ಥಿಗೆ ಒಂದು ವರ್ಷ ವ್ಯರ್ಥವಾದರೆ ಮರುವರ್ಷ ಬೇರೆ ಅವಕಾಶವಿರುತ್ತದೆ. ಆದರೆ ಕುಟುಂಬದ ಜವಾಬ್ದಾರಿ ಹೊತ್ತ ವಯಸ್ಕರು ಶುಲ್ಕದ ಜೊತೆಗೆ ಎರಡು, ಮೂರು ಅಥವಾ ನಾಲ್ಕು ವರ್ಷಗಳ ಸಂಬಳವನ್ನೂ ಬಿಟ್ಟುಕೊಡಬೇಕಾಗುತ್ತದೆ; ವಯೋಮಿತಿ ಮೀರಿದ ಮೇಲೆ ಅದನ್ನು ಸರಿಪಡಿಸಿಕೊಳ್ಳಲು ಅವಕಾಶವಿರುವುದಿಲ್ಲ. ಆದ್ದರಿಂದ ಶುಲ್ಕ ಪಾವತಿಸುವ ಮೊದಲು ವಯಸ್ಸು, ಮಾನ್ಯತೆ ಮತ್ತು ತರಬೇತಿ ಆಸ್ಪತ್ರೆ ಎಂಬ ಮೂರು ಅಂಶಗಳನ್ನು ಸ್ವತಃ ಪರಿಶೀಲಿಸುವುದು ಅತ್ಯಗತ್ಯ.

1. ಲಭ್ಯವಿರುವ ಕೋರ್ಸುಗಳು

ಅ) ಎ.ಎನ್.ಎಂ.: ಅವಧಿ 2 ವರ್ಷ. ಮಹಿಳೆಯರಿಗೆ ಮಾತ್ರ. ಕಲಾ, ವಾಣಿಜ್ಯ ಅಥವಾ ವಿಜ್ಞಾನ ವಿಷಯಗಳಲ್ಲಿ ಪಿ.ಯು.ಸಿ. ಉತ್ತೀರ್ಣರಾದವರು ಸೇರಬಹುದು. ಪ್ರವೇಶದ ವಯಸ್ಸು 17ರಿಂದ 35 ವರ್ಷ.

ಆ) ಜಿ.ಎನ್.ಎಂ.: ಅವಧಿ 3 ವರ್ಷ. ಪುರುಷರೂ ಸೇರಬಹುದು. ಪಿ.ಯು.ಸಿ.ಯಲ್ಲಿ ಇಂಗ್ಲಿಷ್ ವಿಷಯದಲ್ಲಿ ಉತ್ತೀರ್ಣರಾಗಿ ಕನಿಷ್ಠ ಶೇ. 40 ಅಂಕ ಪಡೆದಿರಬೇಕು. ವಿಜ್ಞಾನ ಓದಿದವರಿಗೆ ಆದ್ಯತೆಯಿದ್ದರೂ ಕಡ್ಡಾಯವಿಲ್ಲ. ವಯಸ್ಸು 17ರಿಂದ 35 ವರ್ಷ. ನೋಂದಾಯಿತ ಎ.ಎನ್.ಎಂ.ಗಳಿಗೆ ಈ ಗರಿಷ್ಠ ವಯೋಮಿತಿ ಅನ್ವಯಿಸುವುದಿಲ್ಲ.

ಇ) ಬಿ.ಎಸ್ಸಿ. ನರ್ಸಿಂಗ್: ಅವಧಿ 4 ವರ್ಷ. ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಜೀವಶಾಸ್ತ್ರ ಸೇರಿ ಕನಿಷ್ಠ ಶೇ. 45 (ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ. 40) ಅಂಕ ಪಡೆದು ಇಂಗ್ಲಿಷ್‌ನಲ್ಲಿ ಉತ್ತೀರ್ಣರಾಗಿರಬೇಕು. ರಾಜ್ಯದಲ್ಲಿ 2023ರಿಂದ ಸರ್ಕಾರಿ ಕೋಟಾದ ಸೀಟುಗಳ ಹಂಚಿಕೆಯನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮೂಲಕ ಮಾಡಲಾಗುತ್ತಿದೆ. ವಯಸ್ಸಿನ ಷರತ್ತನ್ನು ಆಯಾ ವರ್ಷದ ಅಧಿಸೂಚನೆಯಲ್ಲಿ ನೋಡತಕ್ಕದ್ದು.

ಈ) ಪೋಸ್ಟ್ ಬೇಸಿಕ್ ಬಿ.ಎಸ್ಸಿ. ನರ್ಸಿಂಗ್: ಅವಧಿ 2 ವರ್ಷ. ಜಿ.ಎನ್.ಎಂ. ಮುಗಿಸಿ ನೋಂದಣಿ ಪಡೆದವರಿಗೆ ಮಾತ್ರ. ಕಲಾ ಅಥವಾ ವಾಣಿಜ್ಯ ಪಿ.ಯು.ಸಿ. ಓದಿದವರು ನರ್ಸಿಂಗ್ ಪದವಿ ಪಡೆಯಲು ಇದು ಸೂಕ್ತ ಮಾರ್ಗ.

ಆರು ತಿಂಗಳು ಅಥವಾ ಒಂದು ವರ್ಷದ ‘ನರ್ಸಿಂಗ್ ಅಸಿಸ್ಟೆಂಟ್’, ‘ಹೋಮ್ ನರ್ಸಿಂಗ್’ ಮುಂತಾದ ಪ್ರಮಾಣಪತ್ರ ತರಬೇತಿಗಳು ಮೇಲ್ಕಂಡ ಯಾವ ಕೋರ್ಸಿಗೂ ಸಮಾನವಲ್ಲ. ಅವುಗಳ ಆಧಾರದ ಮೇಲೆ ನರ್ಸ್ ಆಗಿ ನೋಂದಣಿ ದೊರೆಯುವುದಿಲ್ಲ.

2. ವಯಸ್ಸಿನ ಲೆಕ್ಕ

ಪ್ರವೇಶದ ವಯೋಮಿತಿ ಮತ್ತು ಸರ್ಕಾರಿ ನೇಮಕಾತಿಯ ವಯೋಮಿತಿ ಬೇರೆ ಬೇರೆ. ರಾಜ್ಯ ಸರ್ಕಾರದ ಸಾಮಾನ್ಯ ನೇಮಕಾತಿ ನಿಯಮಗಳ (1977) ಪ್ರಕಾರ ಮೂಲ ಗರಿಷ್ಠ ವಯಸ್ಸು ಸಾಮಾನ್ಯ ವರ್ಗಕ್ಕೆ 35, ಪ್ರವರ್ಗ 2ಎ, 2ಬಿ, 3ಎ, 3ಬಿಗೆ 38 ಹಾಗೂ ಪರಿಶಿಷ್ಟ ಜಾತಿ, ಪಂಗಡ ಮತ್ತು ಪ್ರವರ್ಗ 1ಕ್ಕೆ 40 ವರ್ಷ. ಸರ್ಕಾರವು ಕಾಲಕಾಲಕ್ಕೆ ಸಡಿಲಿಕೆ ನೀಡುವುದುಂಟು. ವಿಧವೆಯರು ಮತ್ತು ವಿಕಲಚೇತನರಿಗೆ ಪ್ರತ್ಯೇಕ ಸಡಿಲಿಕೆ ಇದೆ. ಆದರೆ ಮುಂದೆ ದೊರೆಯಬಹುದಾದ ಸಡಿಲಿಕೆಯನ್ನು ನಂಬಿ ಕೋರ್ಸನ್ನು ಆರಿಸಿಕೊಳ್ಳುವುದು ಸೂಕ್ತವಲ್ಲ.

ಉದಾಹರಣೆಗೆ, ಗೌರಿಬಿದನೂರಿನ ಸಿದ್ಧ ಉಡುಪು ಕಾರ್ಖಾನೆಯೊಂದರಲ್ಲಿ ದುಡಿಯುತ್ತಿರುವ, ಕಲಾ ವಿಭಾಗದಲ್ಲಿ ಪಿ.ಯು.ಸಿ. ಮುಗಿಸಿರುವ 32 ವರ್ಷದ ಮಹಿಳೆಯೊಬ್ಬರನ್ನು ಊಹಿಸಿಕೊಳ್ಳಬಹುದು. ವಿಜ್ಞಾನ ಓದಿಲ್ಲವಾದ್ದರಿಂದ ಅವರಿಗೆ ಬಿ.ಎಸ್ಸಿ. ಲಭ್ಯವಿಲ್ಲ. ಜಿ.ಎನ್.ಎಂ. ಸೇರಿದರೆ ಕೋರ್ಸ್ ಮುಗಿಯುವಾಗ 35 ತುಂಬುತ್ತದೆ. ಫಲಿತಾಂಶ, ನೋಂದಣಿ ಹಾಗೂ ಮುಂದಿನ ನೇಮಕಾತಿ ಅಧಿಸೂಚನೆಯ ವೇಳೆಗೆ 36 ಆಗಬಹುದು. ಅವರು ಪ್ರವರ್ಗ 2ಎಗೆ ಸೇರಿದ್ದರೆ ಅವಕಾಶ ಉಳಿಯುತ್ತದೆ; ಸಾಮಾನ್ಯ ವರ್ಗದವರಾದರೆ ಮೂಲ ಮಿತಿ ಮೀರುತ್ತದೆ. ಅದೇ ಮಹಿಳೆ ಎ.ಎನ್.ಎಂ. ಸೇರಿದರೆ 34ಕ್ಕೆ ಮುಗಿಸಿ ಆ ಹುದ್ದೆಯ ಅಧಿಸೂಚನೆಗೆ ಅರ್ಜಿ ಸಲ್ಲಿಸಬಹುದು. ನೋಂದಣಿ ಇರುವುದರಿಂದ ನಂತರ ವಯೋಮಿತಿಯ ಅಡ್ಡಿಯಿಲ್ಲದೆ ಜಿ.ಎನ್.ಎಂ. ಸೇರಲೂಬಹುದು. ಖಾಸಗಿ ಆಸ್ಪತ್ರೆಯಲ್ಲಿ ಕೆಲಸ ಮಾಡುವುದೇ ಉದ್ದೇಶವಾದರೆ ಸರ್ಕಾರಿ ನೇಮಕಾತಿಯ ವಯೋಮಿತಿ ಅಡ್ಡಿಯಾಗುವುದಿಲ್ಲ.

3. ಮಾನ್ಯತೆಯ ಪರಿಶೀಲನೆ

ನರ್ಸಿಂಗ್ ವೃತ್ತಿಗೆ ಪ್ರಮಾಣಪತ್ರದಷ್ಟೇ ನೋಂದಣಿಯೂ ಮುಖ್ಯ. ಕರ್ನಾಟಕ ನರ್ಸ್‌ಗಳ, ಮಿಡ್‌ವೈಫ್‌ಗಳ ಮತ್ತು ಆರೋಗ್ಯ ಸಂದರ್ಶಕರ ಅಧಿನಿಯಮ, 1961ರ ಅನ್ವಯ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತು ನೋಂದಣಿ ಮಾಡುತ್ತದೆ. ಸಂಸ್ಥೆಗೆ ಮಾನ್ಯತೆ ಇಲ್ಲದಿದ್ದರೆ ಓದಿದ ವರ್ಷಗಳು ನೋಂದಣಿಗೆ ಉಪಯೋಗವಾಗುವುದಿಲ್ಲ. ಪರಿಶೀಲಿಸಬೇಕಾದ ಅಂಶಗಳು:

ಅ) ಜಿ.ಎನ್.ಎಂ. ಶಾಲೆಯಾದರೆ ರಾಜ್ಯ ಶುಶ್ರೂಷಾ ಪರಿಷತ್ತಿನ ಮಾನ್ಯತೆ ಹಾಗೂ ಕರ್ನಾಟಕ ರಾಜ್ಯ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿಯ ಪರೀಕ್ಷೆಗೆ ಅನುಮತಿ ಇದೆಯೇ?

ಆ) ಬಿ.ಎಸ್ಸಿ. ಕಾಲೇಜಾದರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜನೆ ಇದೆಯೇ? ಸಂಸ್ಥೆಯು ಸ್ವಾಯತ್ತ ಆರೋಗ್ಯ ವಿಶ್ವವಿದ್ಯಾಲಯದ ಭಾಗವಾಗಿದ್ದರೆ ಅದರ ದಾಖಲೆ ಯಾವುದು?

ಇ) ಸದರಿ ಅನುಮತಿಯು ಪ್ರವೇಶ ಪಡೆಯುವ ಶೈಕ್ಷಣಿಕ ವರ್ಷಕ್ಕೆ ಅನ್ವಯಿಸುತ್ತದೆಯೇ? ಎಷ್ಟು ಸೀಟುಗಳಿಗೆ? ಹಿಂದಿನ ವರ್ಷದ ಪತ್ರ ಸಾಲದು.

ಈ) ಹೊರರಾಜ್ಯ ಅಥವಾ ವಿದೇಶದಲ್ಲಿ ಕೆಲಸ ಮಾಡುವ ಉದ್ದೇಶವಿದ್ದರೆ ಭಾರತೀಯ ಶುಶ್ರೂಷಾ ಪರಿಷತ್ತಿನ ಪಟ್ಟಿಯಲ್ಲಿ ಸಂಸ್ಥೆಯ ಹೆಸರಿದೆಯೇ?

ಕೊನೆಯ ಅಂಶದ ಮಹತ್ವ 2017ರಲ್ಲಿ ಕಂಡುಬಂದಿತು. ಆ ವರ್ಷ ಕರ್ನಾಟಕ ಉಚ್ಚ ನ್ಯಾಯಾಲಯವು ಸಂಸ್ಥೆಗಳಿಗೆ ಮಾನ್ಯತೆ ನೀಡುವ ಅಧಿಕಾರ ಭಾರತೀಯ ಶುಶ್ರೂಷಾ ಪರಿಷತ್ತಿಗೆ ಇಲ್ಲವೆಂದು ತೀರ್ಪಿತ್ತಿತು. ತದನಂತರ ಪರಿಷತ್ತಿನ ಪಟ್ಟಿಯಲ್ಲಿ ರಾಜ್ಯದ ಸಂಸ್ಥೆಗಳ ಹೆಸರು ಕಾಣದೆ, ಇಲ್ಲಿ ಓದುತ್ತಿದ್ದ ಕೇರಳದ ವಿದ್ಯಾರ್ಥಿಗಳು ಸೇರಿದಂತೆ ಅನೇಕರು ಶಿಕ್ಷಣ ಸಾಲ ಮತ್ತು ಹೊರರಾಜ್ಯದ ನೋಂದಣಿಯ ಬಗ್ಗೆ ಆತಂಕಕ್ಕೊಳಗಾದರು. 1947ರ ಭಾರತೀಯ ಶುಶ್ರೂಷಾ ಪರಿಷತ್ತು ಅಧಿನಿಯಮಕ್ಕೆ ಬದಲಾಗಿ ರಾಷ್ಟ್ರೀಯ ಆಯೋಗವನ್ನು ರಚಿಸುವ ಅಧಿನಿಯಮವು 2023ರಲ್ಲಿ ಅಂಗೀಕಾರವಾಗಿರುವುದರಿಂದ, ಪ್ರವೇಶದ ವೇಳೆಗೆ ಜಾರಿಯಲ್ಲಿರುವ ಪ್ರಾಧಿಕಾರದ ಪಟ್ಟಿಯನ್ನೇ ನೋಡತಕ್ಕದ್ದು.

ಸಂಸ್ಥೆಯವರು ತೋರಿಸುವ ಜೆರಾಕ್ಸ್ ಪ್ರತಿಯನ್ನು ಮಾತ್ರ ನಂಬಬಾರದು. ಸಂದೇಹವಿದ್ದಲ್ಲಿ ಮಾಹಿತಿ ಹಕ್ಕು ಅಧಿನಿಯಮ, 2005ರಡಿ 10 ರೂಪಾಯಿ ಶುಲ್ಕದೊಂದಿಗೆ ರಾಜ್ಯ ಪರಿಷತ್ತು ಅಥವಾ ವಿಶ್ವವಿದ್ಯಾಲಯಕ್ಕೆ ಅರ್ಜಿ ಸಲ್ಲಿಸಬಹುದು. ಉತ್ತರಕ್ಕೆ 30 ದಿನಗಳ ಕಾಲಾವಕಾಶವಿರುವುದರಿಂದ ಪ್ರವೇಶ ಆರಂಭವಾಗುವ ಎರಡು ತಿಂಗಳ ಮೊದಲೇ ಕೇಳುವುದು ಒಳ್ಳೆಯದು.

4. ತರಬೇತಿ ಆಸ್ಪತ್ರೆ

ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡದಂತೆ ಜಿ.ಎನ್.ಎಂ. ಶಾಲೆ ಅಥವಾ ಬಿ.ಎಸ್ಸಿ. ಕಾಲೇಜಿಗೆ 100 ಹಾಸಿಗೆಗಳ ಮಾತೃ ಆಸ್ಪತ್ರೆ ಇರಬೇಕು. ವಾರ್ಡಿನಲ್ಲಿ ಒಬ್ಬ ವಿದ್ಯಾರ್ಥಿಗೆ 3 ರೋಗಿಗಳು, 10 ವಿದ್ಯಾರ್ಥಿಗಳಿಗೆ ಒಬ್ಬ ಬೋಧಕರು ಎಂಬ ಪ್ರಮಾಣವನ್ನು ನಿಗದಿಪಡಿಸಲಾಗಿದೆ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ರೀಲರ್‌ಗಳು ಗೂಡನ್ನು ಕೈಯಲ್ಲಿ ಹಿಡಿದು ನೋಡದೆ ಹರಾಜು ಕೂಗುವುದಿಲ್ಲ; ಅಂತೆಯೇ ಅಭ್ಯರ್ಥಿಯು ಆಸ್ಪತ್ರೆಯನ್ನು ಕಣ್ಣಾರೆ ನೋಡದೆ ಶುಲ್ಕ ಕಟ್ಟಬಾರದು.

ವಾರದ ಸಾಮಾನ್ಯ ದಿನವೊಂದರಲ್ಲಿ ಬೆಳಗಿನ ಹೊತ್ತು ಹೋಗಿ, ಹಾಸಿಗೆಗಳಲ್ಲಿ ರೋಗಿಗಳಿದ್ದಾರೆಯೇ, ಹೆರಿಗೆ ಕೊಠಡಿ ಮತ್ತು ಮಕ್ಕಳ ವಾರ್ಡು ನಡೆಯುತ್ತಿವೆಯೇ, ಸಮವಸ್ತ್ರದ ವಿದ್ಯಾರ್ಥಿಗಳ ಜೊತೆ ಬೋಧಕರಿದ್ದಾರೆಯೇ ಎಂದು ಗಮನಿಸಬೇಕು. ಎರಡನೇ ಮತ್ತು ಮೂರನೇ ವರ್ಷದ ವಿದ್ಯಾರ್ಥಿಗಳನ್ನು ಮಾತನಾಡಿಸಿ, ಕಳೆದ ತಿಂಗಳು ಯಾವ ಯಾವ ವಾರ್ಡಿನಲ್ಲಿ ಕೆಲಸ ಮಾಡಿದರೆಂದು ಕೇಳಬೇಕು. ಮನೋರೋಗ ಹಾಗೂ ಸಮುದಾಯ ಆರೋಗ್ಯದ ತರಬೇತಿಗೆ ಬೇರೆಡೆ ಕಳುಹಿಸುವುದಾದರೆ ಸ್ಥಳ, ದಿನಗಳು ಮತ್ತು ಖರ್ಚು ಯಾರದೆಂಬುದನ್ನು ತಿಳಿದುಕೊಳ್ಳಬೇಕು.

5. ಹಾಜರಾತಿ ಮತ್ತು ಪ್ರಯಾಣ

ಜಿ.ಎನ್.ಎಂ. ಪರೀಕ್ಷೆಗೆ ಕೂರಲು ಪ್ರತಿ ವಿಷಯದ ತರಗತಿ ಮತ್ತು ಪ್ರಾಯೋಗಿಕದಲ್ಲಿ ಕನಿಷ್ಠ ಶೇ. 80 ಹಾಜರಾತಿ ಬೇಕು. ಡಿಪ್ಲೊಮಾ ಪಡೆಯುವ ಮೊದಲು ಪ್ರಾಯೋಗಿಕ ತರಬೇತಿಯನ್ನು ಶೇ. 100 ಪೂರ್ಣಗೊಳಿಸಬೇಕು. ಅಂಚೆ ಮೂಲಕ ಅಥವಾ ಸಂಜೆ ತರಗತಿಯ ಮೂಲಕ ನರ್ಸ್ ಆಗಲು ಸಾಧ್ಯವಿಲ್ಲ. “ಕೆಲಸ ಬಿಡಬೇಕಾಗಿಲ್ಲ, ಪರೀಕ್ಷೆಗೆ ಬಂದರೆ ಸಾಕು” ಎಂದು ಯಾರಾದರೂ ಹೇಳಿದಲ್ಲಿ ಅಂತಹವರಿಂದ ದೂರವಿರುವುದೇ ಕ್ಷೇಮ. ರೋಗಿಯನ್ನು ಮುಟ್ಟದೆ ಕಲಿತವರ ಕೈಗೆ ಮುಂದೆ ರೋಗಿಯ ಪ್ರಾಣವನ್ನು ಒಪ್ಪಿಸಬೇಕಾಗುತ್ತದೆ ಎಂಬುದನ್ನೂ ಮರೆಯಬಾರದು.

ಪಾಳಿ ತರಬೇತಿ ಇರುವುದರಿಂದ ಮನೆಯಿಂದ ಆಸ್ಪತ್ರೆಗೆ ಇರುವ ದಾರಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಗೌರಿಬಿದನೂರು ಬೆಂಗಳೂರು–ಗುಂತಕಲ್ ರೈಲು ಮಾರ್ಗದಲ್ಲಿದೆ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ ಮತ್ತು ಚಿಂತಾಮಣಿ ಯಲಹಂಕ–ಕೋಲಾರ ಮಾರ್ಗದಲ್ಲಿದ್ದರೂ ಅಲ್ಲಿ ರೈಲುಗಳು ಕಡಿಮೆ. ಹೆಚ್ಚಿನವರು ಬಸ್ಸನ್ನೇ ಅವಲಂಬಿಸಬೇಕು. ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಸುಮಾರು 60 ಕಿ.ಮೀ. ಚಿಂತಾಮಣಿಯವರಿಗೆ ಕೋಲಾರದ ಸಂಸ್ಥೆಗಳೂ ಪರಿಗಣನೆಗೆ ಯೋಗ್ಯ. ನಿತ್ಯ ಪ್ರಯಾಣ ಸಾಧ್ಯವಿಲ್ಲದಿದ್ದರೆ ಹಾಸ್ಟೆಲ್ ವೆಚ್ಚ ಹಾಗೂ ವಿವಾಹಿತರಿಗೆ ಹಾಸ್ಟೆಲ್‌ನಿಂದ ವಿನಾಯಿತಿ ಇದೆಯೇ ಎಂಬುದನ್ನು ಮೊದಲೇ ಕೇಳಬೇಕು.

6. ಶುಲ್ಕ ಮತ್ತು ಮೂಲ ದಾಖಲೆಗಳು

ಎಲ್ಲಾ ವರ್ಷಗಳ ಬೋಧನಾ ಶುಲ್ಕ, ಪರೀಕ್ಷಾ ಶುಲ್ಕ, ಸಮವಸ್ತ್ರ, ಪುಸ್ತಕ, ವಾಹನ ಮತ್ತು ಹಾಸ್ಟೆಲ್ ವೆಚ್ಚದ ವಿವರವನ್ನು ಲಿಖಿತವಾಗಿ ಪಡೆಯಬೇಕು. ಪ್ರತಿ ಪಾವತಿಗೂ ಸಂಸ್ಥೆಯ ಹೆಸರಿನ ರಸೀದಿ ಪಡೆಯತಕ್ಕದ್ದು. ಮಧ್ಯವರ್ತಿಗಳ ಕೈಗೆ ಹಣ ಕೊಡಬಾರದು. ಮೂಲ ಅಂಕಪಟ್ಟಿಗಳನ್ನು ಒಪ್ಪಿಸಬೇಕಾದಲ್ಲಿ ದಿನಾಂಕ ಸಹಿತ ಸ್ವೀಕೃತಿ ಪಡೆದು, ದೃಢೀಕೃತ ಪ್ರತಿಗಳನ್ನು ಇಟ್ಟುಕೊಳ್ಳಬೇಕು. ಅರ್ಧಕ್ಕೆ ಬಿಟ್ಟರೆ ಉಳಿದ ವರ್ಷಗಳ ಶುಲ್ಕ ಕೇಳುವ ಷರತ್ತು ಇದೆಯೇ ಎಂದು ಅರ್ಜಿ ನಮೂನೆಯನ್ನು ಪೂರ್ತಿ ಓದಿ ಸಹಿ ಮಾಡಬೇಕು. ವಿದ್ಯಾರ್ಥಿವೇತನಕ್ಕೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ (ಎಸ್.ಎಸ್.ಪಿ.) ಮತ್ತು ಶಿಕ್ಷಣ ಸಾಲಕ್ಕೆ ವಿದ್ಯಾಲಕ್ಷ್ಮಿ ಪೋರ್ಟಲ್ ಮೂಲಕ ಅರ್ಜಿ ಸಲ್ಲಿಸಬಹುದು. ಜಾತಿ ಮತ್ತು ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಲ್ಲಿ ಮುಂಚಿತವಾಗಿ ಪಡೆದಿಟ್ಟುಕೊಳ್ಳತಕ್ಕದ್ದು.

7. ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ಪ್ರಶ್ನೆ: ಎಸ್.ಎಸ್.ಎಲ್.ಸಿ. ನಂತರ ಓದು ನಿಲ್ಲಿಸಿದವರು ಏನು ಮಾಡಬೇಕು?
ಉತ್ತರ: ಮೊದಲು ಪಿ.ಯು.ಸಿ.ಯನ್ನು ಖಾಸಗಿ ಅಭ್ಯರ್ಥಿಯಾಗಿ ಅಥವಾ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ (ಎನ್.ಐ.ಒ.ಎಸ್.) ಮೂಲಕ ಪೂರ್ಣಗೊಳಿಸಬೇಕು. ಸದರಿ ಸಂಸ್ಥೆಯ 12ನೇ ತರಗತಿ ಪ್ರಮಾಣಪತ್ರ ಜಿ.ಎನ್.ಎಂ.ಗೆ ಅರ್ಹ. ಈ ಅವಧಿಯನ್ನೂ ವಯಸ್ಸಿನ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಪ್ರಶ್ನೆ: ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಕಷ್ಟವಾಗುವುದೇ?
ಉತ್ತರ: ಪಠ್ಯಪುಸ್ತಕಗಳು ಬಹುತೇಕ ಇಂಗ್ಲಿಷ್‌ನಲ್ಲಿವೆ. ಮೊದಲ ವರ್ಷದಲ್ಲಿ ಭಾಷೆಗೆ ಸಹಾಯ ಮಾಡುವ ಬೋಧಕರಿದ್ದಾರೆಯೇ ಎಂದು ಹಿರಿಯ ವಿದ್ಯಾರ್ಥಿಗಳಲ್ಲಿ ವಿಚಾರಿಸಬೇಕು. ಕನ್ನಡ ಹಾಗೂ ಈ ಭಾಗದಲ್ಲಿ ಬಳಕೆಯಲ್ಲಿರುವ ತೆಲುಗು, ಉರ್ದು ಬಲ್ಲವರಿಗೆ ರೋಗಿಗಳೊಡನೆ ಮಾತನಾಡುವಾಗ ಅದು ಅನುಕೂಲವೇ ಆಗುತ್ತದೆ.

ಪ್ರಶ್ನೆ: ಹಿಂದಿನ ಕೆಲಸದ ಅನುಭವಕ್ಕೆ ಅವಧಿಯಲ್ಲಿ ರಿಯಾಯಿತಿ ಉಂಟೇ?
ಉತ್ತರ: ಇಲ್ಲ. ಆಸ್ಪತ್ರೆಯಲ್ಲಿ ಆಯಾ ಅಥವಾ ಸಹಾಯಕರಾಗಿ ದುಡಿದವರೂ ಕೋರ್ಸನ್ನು ಪೂರ್ಣ ಅವಧಿಗೆ ಓದಬೇಕು.

ಗಮನಿಸಿ

ನಿಯಮ, ವಯೋಮಿತಿ ಮತ್ತು ಸೀಟುಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಬದಲಾಗಬಹುದು; ಆಯಾ ವರ್ಷದ ಅಧಿಕೃತ ಅಧಿಸೂಚನೆಯೇ ಅಂತಿಮ. ಅಭ್ಯರ್ಥಿಗಳು ಈಗಿನ ಕೆಲಸಕ್ಕೆ ರಾಜೀನಾಮೆ ನೀಡುವ ಮೊದಲು ವಯಸ್ಸಿನ ಲೆಕ್ಕ, ಮಾನ್ಯತೆಯ ಪತ್ರ ಮತ್ತು ಆಸ್ಪತ್ರೆಯ ಭೇಟಿ, ಈ ಮೂರನ್ನೂ ಪೂರ್ಣಗೊಳಿಸಿಕೊಳ್ಳಲು ಕೋರಲಾಗಿದೆ.