ಪೆಡಲ್ಲಿಗೆ ಪಾದ ಕಟ್ಟಿದ ಕಥೆ: ಸೈಕ್ಲಿಂಗ್ ಶೂ ಕೊಳ್ಳುವ ಮುಂಚೆ ಒಂದಿಷ್ಟು ಇತಿಹಾಸ

ನಮ್ಮ ಕಡೆ ಸೈಕಲ್ಲಿಗೂ ಶೂಗೂ ಸಂಬಂಧವೇ ಇರಲಿಲ್ಲ. ಅಟ್ಲಾಸ್, ಹೀರೋ, ಹರ್ಕ್ಯುಲಿಸ್ ಯಾವುದೇ ಇರಲಿ, ತುಳಿಯುವ ಕಾಲಿಗೆ ಹವಾಯಿ ಚಪ್ಪಲಿ ಇದ್ದರೆ ಅದೇ ಹೆಚ್ಚು. ಹಾಲಿನ ಕ್ಯಾನು ಕಟ್ಟಿಕೊಂಡು ಡೇರಿಗೆ ಹೋಗುವವರು, ಹಿಂದಿನ ಕ್ಯಾರಿಯರಿಗೆ ಹುಲ್ಲಿನ ಹೊರೆ ಬಿಗಿದವರು, ಸೀಟು ಎಟುಕದೆ ಒಳಪೆಡಲ್ ಹೊಡೆಯುವ ಹುಡುಗರು, ಎಲ್ಲರೂ ಬರಿಗಾಲಲ್ಲೇ ತುಳಿದರು. ಊರ ಬಯಲಲ್ಲಿ ಹಗಲು ರಾತ್ರಿ ಕೆಳಗಿಳಿಯದೆ ಸೈಕಲ್ ಸುತ್ತುತ್ತಿದ್ದ ಸರ್ಕಸ್ಸಿನವನ ಕಾಲಲ್ಲಿ ಶೂ ಇತ್ತಾ ಅಂತ ಯಾರಾದರೂ ನೋಡಿದ್ದೀರಾ? 2006-07ರಲ್ಲಿ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದ ಮೇಲೆ ಹಳ್ಳಿ ರಸ್ತೆಗಳಲ್ಲಿ ಸೈಕಲ್ ಹೆಚ್ಚಾದವು. ಕಾಲಿಗೆ ಏನು ಹಾಕಬೇಕು ಅನ್ನುವ ಮಾತು ಆಗಲೂ ಬರಲಿಲ್ಲ.

ಈಗ ಬಂದಿದೆ. ಹಿರೇಗುಂಟನೂರು ಕಡೆಯ ಒಬ್ಬ ಡಿಗ್ರಿ ಹುಡುಗ ಬೆಂಗಳೂರಿಂದ ಸೆಕೆಂಡ್ ಹ್ಯಾಂಡ್ ರೋಡ್ ಸೈಕಲ್ ತಂದಿದ್ದಾನೆ. ಹ್ಯಾಂಡಲ್ ಟಗರಿನ ಕೊಂಬಿನ ಹಾಗೆ ಬಾಗಿರುತ್ತದಲ್ಲ, ಆ ತರದ್ದು. "ಅಣ್ಣಾ, ರೋಡ್ ಶೂ ತಗೊಳ್ಳಲಾ, ಟ್ರಯಥ್ಲಾನ್ ಶೂ ತಗೊಳ್ಳಲಾ?" ಅಂತ ಕೇಳಿದ. ಆರಂಭದ ದರ್ಜೆಯದ್ದಕ್ಕೇ ನಾಲ್ಕೈದು ಸಾವಿರ ಆಗುತ್ತದೆ, ಅದಕ್ಕೆ ಹೊಂದುವ ಪೆಡಲ್ಲಿಗೆ ಬೇರೆ ದುಡ್ಡು. ಅವರ ಮನೆಯಲ್ಲಿ ಅದು ಅಡಿಕೆ ಸುಲಿದ ಕೂಲಿ. ಅಂಥ ದುಡ್ಡನ್ನು ಜಾಹೀರಾತು ನೋಡಿ ಸುರಿಯುವ ಮುಂಚೆ ಈ ಶೂ ಹೀಗೇಕೆ ಆಯಿತು ಅನ್ನುವುದು ಗೊತ್ತಿರಬೇಕು. ಗೊತ್ತಾದರೆ ಯಾವುದು ಬೇಕು, ಯಾವುದು ಬೇಡ ಅನ್ನುವುದು ಮುಕ್ಕಾಲು ಪಾಲು ತಾನಾಗಿಯೇ ತಿಳಿಯುತ್ತದೆ.

ಸೈಕಲ್ ರೇಸ್ ಹುಟ್ಟಿದ ಯುರೋಪಿನಲ್ಲಿ 19ನೇ ಶತಮಾನದ ಕೊನೆಗೇ ಒಂದು ತೊಂದರೆ ಗೊತ್ತಾಗಿತ್ತು. ಜೋರಾಗಿ ತುಳಿಯುವಾಗ ಪಾದ ಪೆಡಲ್ಲಿನಿಂದ ಜಾರುತ್ತದೆ. ಅದಕ್ಕೆ ಪೆಡಲ್ಲಿನ ಮುಂದೆ ಬೆರಳು ತೂರುವಂಥ ಒಂದು ಕಬ್ಬಿಣದ ಗೂಡು ಕೂರಿಸಿ, ಮೇಲಿಂದ ಚರ್ಮದ ಪಟ್ಟಿ ಬಿಗಿದರು. ಇದೇ ಟೋ ಕ್ಲಿಪ್. 1903ರಲ್ಲಿ ಫ್ರಾನ್ಸಿನಲ್ಲಿ ಟೂರ್ ಡಿ ಫ್ರಾನ್ಸ್ ಶುರುವಾಯಿತು. ಅಲ್ಲಿಂದ 1980ರ ದಶಕದವರೆಗೆ ದೊಡ್ಡ ದೊಡ್ಡ ರೇಸುಗಳನ್ನೆಲ್ಲ ಗೆದ್ದದ್ದು ಬಹುಮಟ್ಟಿಗೆ ಹೀಗೆ ಪಟ್ಟಿ ಬಿಗಿದ ಕಾಲುಗಳೇ. ಭಾರತದ ಸೈಕಲ್ ಸವಾರರು 1948ರ ಲಂಡನ್ ಒಲಿಂಪಿಕ್ಸಿಗೆ ಹೋದಾಗಲೂ ಜಗತ್ತೆಲ್ಲ ನಡೆಯುತ್ತಿದ್ದದ್ದು ಇದೇ ಪದ್ಧತಿ.

ಆ ಕಾಲದ ಶೂ ತೆಳ್ಳಗಿನ ಚರ್ಮದ್ದು, ಮೇಲೆ ಲೇಸು. ಅದರ ಅಡಿಗೆ ಒಂದು ಸಣ್ಣ ಅಚ್ಚು ಇರುತ್ತಿತ್ತು, ಅದರ ಹೆಸರು ಕ್ಲೀಟ್. ಅಚ್ಚಿನಲ್ಲಿ ಒಂದು ಗೀರು, ಆ ಗೀರು ಪೆಡಲ್ಲಿನ ಅಂಚಿಗೆ ಸಿಕ್ಕಿ ಕೂರುತ್ತದೆ. ನನಗೆ ಈ ಇತಿಹಾಸದಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಅದನ್ನು ಕೂರಿಸುತ್ತಿದ್ದ ರೀತಿ. ಹೊಸ ಶೂ ತಂದವನು ಮೊದಲು ಕ್ಲೀಟ್ ಇಲ್ಲದೆಯೇ ಸಾಕಷ್ಟು ದೂರ ತುಳಿದು ಬರಬೇಕು. ಅಷ್ಟರಲ್ಲಿ ಚರ್ಮದ ಅಡಿಯ ಮೇಲೆ ಪೆಡಲ್ಲಿನ ಗುರುತು ಮೂಡಿರುತ್ತದೆ. ಸರಿಯಾಗಿ ಆ ಗುರುತಿನ ಮೇಲೆ ಕ್ಲೀಟ್ ಇಟ್ಟು ಮೊಳೆ ಹೊಡೆಯಬೇಕು. ನಮ್ಮ ಬಸ್ ಸ್ಟ್ಯಾಂಡ್ ಪಕ್ಕದಲ್ಲಿ ಚಪ್ಪಲಿ ಹೊಲಿಯುವವರಿಗೆ ಕೊಟ್ಟಿದ್ದರೆ ಐದು ನಿಮಿಷದ ಕೆಲಸ. ಮೊಳೆ ಒಂದು ಚೂರು ಓರೆಯಾದರೆ ಮಾತ್ರ ಮಂಡಿ ನೋವು ಗ್ಯಾರಂಟಿ. ಕಾಲು ಹುಟ್ಟಿನಿಂದ ಸ್ವಲ್ಪ ಹೊರಕ್ಕೆ ತಿರುಗಿರುವವನನ್ನು ನೇರಕ್ಕೆ ಕಟ್ಟಿಹಾಕಿದರೆ ಗಂಟೆಗೆ ಸಾವಿರಾರು ಸಲ ಮಡಚುವ ಮಂಡಿ ಸುಮ್ಮನಿರುತ್ತದೆಯೇ?

ಇನ್ನೊಂದು ಅಪಾಯ ಬೀಳುವುದು. ಪಟ್ಟಿ ಬಿಗಿದಿದ್ದರೆ ಕಾಲು ಬಿಡಿಸಿಕೊಳ್ಳಲು ಬಗ್ಗಿ ಕೈಯಿಂದ ಸಡಿಲಿಸಬೇಕು. 1970ರ ದಶಕದ ಆರಂಭದಲ್ಲಿ ಇಟಲಿಯ ಚಿನೆಲ್ಲಿ ಕಂಪನಿ ಪಟ್ಟಿಯೇ ಇಲ್ಲದ ಎಂ-71 ಅನ್ನುವ ಪೆಡಲ್ ತಂದಿತು. ಅದರಲ್ಲೂ ಕಾಲು ತೆಗೆಯಲು ಕೈಯಿಂದಲೇ ಒಂದು ಕಡ್ಡಿ ಸರಿಸಬೇಕಿತ್ತು. ಜನ ಅದನ್ನು ನಂಬಲಿಲ್ಲ.

ದಾರಿ ಸಿಕ್ಕಿದ್ದು ಹಿಮದಿಂದ. ಹಿಮದ ಮೇಲೆ ಜಾರುವ ಸ್ಕೀ ಆಟದಲ್ಲಿ ಬೂಟನ್ನು ಹಲಗೆಗೆ ಹಿಡಿಸುವ, ಬಿದ್ದಾಗ ತಾನಾಗಿ ಬಿಡುವ ಕೊಂಡಿ ಮಾಡುತ್ತಿದ್ದ ಫ್ರಾನ್ಸಿನ ಲುಕ್ ಕಂಪನಿ ಅದೇ ಉಪಾಯವನ್ನು ಪೆಡಲ್ಲಿಗೆ ತಂದಿತು. 1984ರಲ್ಲಿ ಬಂದ ಆ ಪೆಡಲ್ಲಿನ ಹೆಸರು ಪಿಪಿ-65. ಮೇಲಿಂದ ತುಳಿದರೆ ಟಕ್ ಅಂತ ಕೂರುತ್ತದೆ, ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿದರೆ ಬಿಡುತ್ತದೆ, ಕೈ ಬೇಡವೇ ಬೇಡ. ಫ್ರಾನ್ಸಿನ ಬರ್ನಾರ್ಡ್ ಹಿನೊ 1983ರಲ್ಲಿ ಮಂಡಿಯ ಆಪರೇಷನ್ ಮಾಡಿಸಿಕೊಂಡಿದ್ದ. ಅವನೇ 1985ರಲ್ಲಿ ಲುಕ್ ಪೆಡಲ್ ತುಳಿದು ತನ್ನ ಐದನೇ ಟೂರ್ ಡಿ ಫ್ರಾನ್ಸ್ ಗೆದ್ದ. ಅವನ ತಂಡವೂ ಲುಕ್ ಕಂಪನಿಯೂ ಆಗ ಒಬ್ಬನೇ ಧಣಿಯ ಕೈಲಿದ್ದವು, ಬರ್ನಾರ್ಡ್ ಟಾಪಿ ಅಂತ. ಆದ್ದರಿಂದ ಇದನ್ನು ಬರೀ ವಿಜ್ಞಾನದ ಗೆಲುವು ಅಂದುಕೊಳ್ಳಬೇಡಿ, ಅದರೊಳಗೆ ವ್ಯಾಪಾರವೂ ಇತ್ತು. ಐರ್ಲೆಂಡಿನ ಶಾನ್ ಕೆಲ್ಲಿ ಮಾತ್ರ ಹಟಮಾರಿ. ಉಳಿದವರೆಲ್ಲ ಬದಲಾದರೂ ಅವನು 1990ರ ದಶಕದವರೆಗೆ ಹಳೇ ಟೋ ಕ್ಲಿಪ್ಪಿನಲ್ಲೇ ಓಡಿಸಿದ.

ಅಂಗಡಿಯಲ್ಲಿ ಇಂಥ ಪೆಡಲ್ಲಿಗೆ 'ಕ್ಲಿಪ್‌ಲೆಸ್' ಅನ್ನುತ್ತಾರೆ. ಕಾಲು ಕ್ಲಿಪ್ ಆಗುತ್ತದೆ, ಹೆಸರು ನೋಡಿದರೆ ಕ್ಲಿಪ್ ಇಲ್ಲದ್ದು! ಹಳೇ ಟೋ ಕ್ಲಿಪ್ ಇಲ್ಲದ ಪೆಡಲ್ ಅನ್ನುವ ಅರ್ಥದಲ್ಲಿ ಹುಟ್ಟಿದ ಹೆಸರು ಅದು. ಗೊಂದಲ ಮಾಡಿಕೊಳ್ಳಬೇಡಿ.

ಲುಕ್ ಮಾಡಿದ ಒಂದು ತೀರ್ಮಾನ ಇವತ್ತಿಗೂ ನಿಮ್ಮ ಜೇಬಿಗೆ ಸಂಬಂಧಿಸಿದ್ದು. ಅವರ ಕ್ಲೀಟ್ ಕೂರುವುದು ಶೂ ಅಡಿಯ ಮೂರು ತೂತುಗಳಿಗೆ, ತ್ರಿಕೋನದಲ್ಲಿ. ಇವತ್ತಿನ ರೋಡ್ ಶೂಗಳಲ್ಲಿ ಬಹುತೇಕ ಇದೇ ಮೂರು ತೂತು. 1990ರಲ್ಲಿ ಜಪಾನಿನ ಶಿಮಾನೋ ಕಂಪನಿ ಬೆಟ್ಟ ಹತ್ತುವ ಸೈಕಲ್ಲಿಗಾಗಿ ಬೇರೆಯದೊಂದನ್ನು ತಂದಿತು, ಎಸ್‌ಪಿಡಿ ಅಂತ. ಅದಕ್ಕೆ ಎರಡೇ ತೂತು, ಕ್ಲೀಟ್ ಚಿಕ್ಕ ಲೋಹದ್ದು, ಶೂ ಅಡಿಯ ರಬ್ಬರಿನೊಳಗೆ ಹುದುಗಿರುತ್ತದೆ. ಹಾಕಿಕೊಂಡು ನಡೆಯಬಹುದು. ರೋಡ್ ಶೂ ಹಾಕಿ ನಡೆದರೆ ಬಾತುಕೋಳಿ ನಡೆದಂತೆ. ಮೂರು ತೂತಿನ ಶೂಗೆ ಎರಡು ತೂತಿನ ಪೆಡಲ್ಲಿನ ಕ್ಲೀಟ್ ಸಾಮಾನ್ಯವಾಗಿ ಕೂರುವುದಿಲ್ಲ. ಶೂ ಮತ್ತು ಪೆಡಲ್ ಎರಡು ಸಾಮಾನಲ್ಲ, ಒಂದೇ ಯಂತ್ರದ ಎರಡು ತುಂಡು. ಆನ್‌ಲೈನಿನಲ್ಲಿ ಆಫರ್ ಕಂಡು ಶೂ ಒಂದನ್ನೇ ತರಿಸುವವರು ಎಡವುವುದು ಇಲ್ಲೇ.

ಇನ್ನು ಟ್ರಯಥ್ಲಾನ್. ಈಜು, ಸೈಕಲ್, ಓಟ, ಮೂರೂ ಒಂದರ ಹಿಂದೊಂದು. 1974ರ ಸೆಪ್ಟೆಂಬರ್ 25ರಂದು ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ 46 ಜನ ಸೇರಿ ಇದನ್ನು ಓಡಿದರು. 1978ರ ಫೆಬ್ರವರಿಯಲ್ಲಿ ಹವಾಯಿ ದ್ವೀಪಗಳಲ್ಲಿ ಮೊದಲ ಐರನ್‌ಮ್ಯಾನ್ ನಡೆಯಿತು. 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, 42.2 ಕಿ.ಮೀ. ಓಟ. ಹೊರಟವರು 15, ಮುಗಿಸಿದವರು 12. ಗೆದ್ದ ಗಾರ್ಡನ್ ಹ್ಯಾಲರ್‌ಗೆ ಹನ್ನೊಂದು ಮುಕ್ಕಾಲು ಗಂಟೆಗಿಂತ ಮಿಕ್ಕಿ ಹಿಡಿಯಿತು. ಮೂರನೆಯವನಾಗಿ ಬಂದ ಡೇವ್ ಓರ್ಲೋವ್‌ಸ್ಕಿ ಬೇರೆಯವರ ಸೈಕಲ್ ಕೇಳಿ ತಂದು, ಜೀನ್ಸ್ ಪ್ಯಾಂಟ್ ಕತ್ತರಿಸಿದ ಚಡ್ಡಿಯಲ್ಲೇ ತುಳಿದಿದ್ದ. ಟ್ರಯಥ್ಲಾನ್ ಶೂ ಅಂತ ವಿಶೇಷದ್ದೇನೂ ಬೇಕಾಗಿರಲಿಲ್ಲ.

ಅದು ಬೇಕಾದದ್ದು ಆಟ ಸೆಕೆಂಡುಗಳ ಲೆಕ್ಕಕ್ಕೆ ಬಂದಾಗ. 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ ಟ್ರಯಥ್ಲಾನ್ ಸೇರಿತು. 1.5 ಕಿ.ಮೀ. ಈಜು, 40 ಕಿ.ಮೀ. ಸೈಕಲ್, 10 ಕಿ.ಮೀ. ಓಟ. ನೀರಿಂದ ಎದ್ದು ಬಂದವನು ಕಾಲು ಒರೆಸಿ, ಸಾಕ್ಸ್ ಹಾಕಿ, ಲೇಸು ಕಟ್ಟುತ್ತ ಕೂತರೆ ಅಷ್ಟರಲ್ಲಿ ಗುಂಪು ಹೊರಟುಹೋಗಿರುತ್ತದೆ. ಹಾಗಾಗಿ ಟ್ರಯಥ್ಲಾನ್ ಶೂಗೆ ಒಂದೋ ಎರಡೋ ಅಗಲದ ವೆಲ್ಕ್ರೋ ಪಟ್ಟಿ, ಅದೂ ತೆರೆದಾಗ ಚಕ್ರಕ್ಕೆ ಸಿಗದಂತೆ ಹೊರಕ್ಕೆ ತೆರೆದುಕೊಳ್ಳುವಂಥದ್ದು. ಹಿಮ್ಮಡಿಯ ಹತ್ತಿರ ಬೆರಳು ಹಾಕಿ ಎಳೆಯಲು ಒಂದು ಕುಣಿಕೆ. ನೀರು ಇಳಿದುಹೋಗಲು ಅಡಿಯಲ್ಲಿ ತೂತು. ಸಾಕ್ಸ್ ಇಲ್ಲದ ಪಾದ ಉಜ್ಜಿ ಬೊಬ್ಬೆ ಏಳದಂತೆ ಒಳಗೆ ನುಣುಪು.

ಅನುಭವಸ್ಥರು ಶೂಗಳನ್ನು ಮೊದಲೇ ಪೆಡಲ್ಲಿಗೆ ಸಿಕ್ಕಿಸಿ, ಆ ಕುಣಿಕೆಗೆ ರಬ್ಬರ್ ಬ್ಯಾಂಡ್ ಹಾಕಿ ಸೈಕಲ್ಲಿಗೆ ಕಟ್ಟಿರುತ್ತಾರೆ, ಶೂ ತಿರುಗಿ ನೇತಾಡದಿರಲಿ ಅಂತ. ಬರಿಗಾಲಲ್ಲಿ ಸೈಕಲ್ ತಳ್ಳಿಕೊಂಡು ಓಡಿ, ಹಾರಿ ಕೂತು, ಶೂ ಮೇಲೆಯೇ ಪಾದ ಇಟ್ಟು ತುಳಿಯುತ್ತಾರೆ. ರಬ್ಬರ್ ಬ್ಯಾಂಡ್ ತಾನಾಗಿ ಕಿತ್ತುಹೋಗುತ್ತದೆ. ವೇಗ ಬಂದ ಮೇಲೆ ಒಂದೊಂದೇ ಪಾದ ಒಳಗೆ ತೂರುತ್ತದೆ. ನೋಡಲು ನಮ್ಮ ಹುಡುಗರು ಓಡುವ ಸೈಕಲ್ ಹತ್ತುವ ಹಾಗೇ ಇದೆ. ಆದರೆ ಅಭ್ಯಾಸ ಇಲ್ಲದವರು ಮಾಡಿದರೆ ಮೊದಲ ತಿರುವಿನಲ್ಲೇ ಚರ್ಮ ಸುಲಿಯುತ್ತದೆ.

ಕರ್ನಾಟಕಕ್ಕೆ ಈ ಇತಿಹಾಸ ಎರಡು ದಾರಿಯಲ್ಲಿ ಬಂತು ಅನ್ನಬಹುದು. ಒಂದು ಉತ್ತರದಿಂದ. ಚಿತ್ರದುರ್ಗದಿಂದ ಹೊಸಪೇಟೆ ಮೇಲೆ ಹಾದುಹೋಗುವ ಹೆದ್ದಾರಿ 50 ಹಿಡಿದರೆ ವಿಜಯಪುರ ಸಿಗುತ್ತದೆ. ವಿಜಯಪುರ, ಬಾಗಲಕೋಟೆಯ ಕ್ರೀಡಾ ವಸತಿ ನಿಲಯಗಳು, ಬೆಳಗಾವಿ ಜಿಲ್ಲೆಯ ಚಂದರಗಿ ಕ್ರೀಡಾ ಶಾಲೆ ರಾಷ್ಟ್ರೀಯ ಮಟ್ಟದ ಸವಾರರನ್ನು ತಯಾರು ಮಾಡಿವೆ. ಅವರಲ್ಲಿ ಹೆಚ್ಚಿನವರು ರೈತರ ಮಕ್ಕಳು, ಕೂಲಿಯವರ ಮಕ್ಕಳು. ಜಾತ್ರೆಯ ಸೈಕಲ್ ಸ್ಪರ್ಧೆ ಆ ಕಡೆ ಇವತ್ತಿಗೂ ಜೀವಂತ. ಎರಡನೆಯದು ಬೆಂಗಳೂರಿಂದ, ಸಾಫ್ಟ್‌ವೇರ್ ಸಂಬಳದ ಜೊತೆ. 2008ರಲ್ಲಿ ಟೂರ್ ಆಫ್ ನೀಲ್ಗಿರಿಸ್ ಶುರುವಾಯಿತು. 2009ರಲ್ಲಿ ಡೆಕಾಥ್ಲಾನ್ ಸರ್ಜಾಪುರ ರಸ್ತೆಗೆ ಬಂತು. ಬೆಂಗಳೂರಿನ ನವೀನ್ ಜಾನ್ 2014ರಲ್ಲಿ ಟೈಮ್ ಟ್ರಯಲ್ ರಾಷ್ಟ್ರೀಯ ಚಾಂಪಿಯನ್ ಆಗಿ, 2016ರಲ್ಲಿ ಆಸ್ಟ್ರೇಲಿಯಾದ ತಂಡವೊಂದಕ್ಕೆ ಓಡಿಸಿದರು. ಬೆಂಗಳೂರಿನ ರಸ್ತೆಗಳಲ್ಲೇ ತಾಲೀಮು ಮಾಡುತ್ತಿದ್ದ ಅನು ವೈದ್ಯನಾಥನ್ 2009ರಲ್ಲಿ ಕೆನಡಾದ ಅಲ್ಟ್ರಾಮ್ಯಾನ್ ಮುಗಿಸಿದರು. ಮೂರು ದಿನದಲ್ಲಿ 10 ಕಿ.ಮೀ. ಈಜು, 420 ಕಿ.ಮೀ. ಸೈಕಲ್, 84 ಕಿ.ಮೀ. ಓಟ. ಭಾರತದ ಮೊದಲ ಐರನ್‌ಮ್ಯಾನ್ 70.3, ಅಂದರೆ ಅರ್ಧ ದೂರದ್ದು, 2019ರ ಅಕ್ಟೋಬರಿನಲ್ಲಿ ನಮ್ಮ ಪಕ್ಕದ ಗೋವಾದಲ್ಲೇ ನಡೆಯಿತು. ಗೆದ್ದವರು ಸೇನೆಯ ಬಿಶ್ವರ್ಜಿತ್ ಸಿಂಗ್ ಸೈಖೋಮ್. ಈ ಎರಡು ದಾರಿಗಳ ನಡುವೆ ಇರುವ ನಮ್ಮ ಜಿಲ್ಲೆಗೆ ಎರಡರ ಗಾಳಿಯೂ ಈಗೀಗ ತಾಗುತ್ತಿದೆ.

ಹುಡುಗನಿಗೆ ನಾನು ಹೇಳಿದ್ದು ಹೀಗೆ. ಟ್ರಯಥ್ಲಾನ್ ಶೂ ಈಗ ಬೇಡ. ಅದು ಉಳಿಸಿಕೊಡುವುದು ಕೆಲವೇ ಸೆಕೆಂಡು. ಮೊದಲ ಸಲ ಓಡುವವನು ನೀರಿಂದ ಹೊರಬಂದು ಉಸಿರು ತಿರುಗಿಸಿಕೊಳ್ಳಲಿಕ್ಕೇ ಅದರ ಹತ್ತುಪಟ್ಟು ಹೊತ್ತು ಬೇಕು. ದಿನಾ ಸಾಕ್ಸ್ ಹಾಕಿ ತಾಲೀಮು ಮಾಡಲು ರೋಡ್ ಶೂ ಒಳ್ಳೆಯದು, ಅದೇ ಶೂನಲ್ಲಿ ಟ್ರಯಥ್ಲಾನ್ ಕೂಡ ಓಡಬಹುದು. ವೆಲ್ಕ್ರೋ ಪಟ್ಟಿಯ ರೋಡ್ ಶೂ ಸಿಕ್ಕರೆ ಎರಡಕ್ಕೂ ಆಯಿತು. ಅಷ್ಟಕ್ಕೂ ನಮ್ಮಂಥ ಬರದ ಜಿಲ್ಲೆಯಲ್ಲಿ ಈಜು ಕಲಿಯುವುದೇ ದೊಡ್ಡ ಸವಾಲು. 1933ರಲ್ಲಿ ತುಂಬಿದ್ದ ವಾಣಿವಿಲಾಸ ಸಾಗರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನೀರಿದೆ ಅಂತ ಅಲ್ಲಿಗೆ ಇಳಿಯಬೇಡ, ಮೊದಲು ಓಟ-ಸೈಕಲ್-ಓಟ ಇರುವ ಡ್ಯುಯಥ್ಲಾನ್ ಓಡು ಅಂದೆ.

ಅವನು ಓಡಿಸುವುದು ಭೀಮಸಮುದ್ರದ ಕಡೆ, ಅದಿರು ಲಾರಿಗಳ ರಸ್ತೆಯಲ್ಲಿ. ಅಲ್ಲಿ ಕಾಲು ಥಟ್ಟನೆ ನೆಲಕ್ಕೆ ಬರಬೇಕು. ಆದ್ದರಿಂದ ಎರಡು ತೂತಿನ ಎಸ್‌ಪಿಡಿಯಿಂದ ಶುರು ಮಾಡಿದರೂ ನಾಚಿಕೆಪಡುವಂಥದ್ದಲ್ಲ, ಪೆಡಲ್ಲಿನ ಬಿಗಿತವನ್ನು ಸ್ಕ್ರೂ ತಿರುಗಿಸಿ ಪೂರ್ತಿ ಸಡಿಲ ಇಟ್ಟುಕೊಳ್ಳಬಹುದು. ಮೂರು ತೂತಿನದ್ದೇ ಬೇಕೆಂದರೆ ಕ್ಲೀಟಿನ ಬಣ್ಣ ನೋಡಬೇಕು. ಶಿಮಾನೋದಲ್ಲಿ ಹಳದಿ ಕ್ಲೀಟಿನೊಳಗೆ ಹಿಮ್ಮಡಿ 6 ಡಿಗ್ರಿ ಆಚೀಚೆ ಆಡುತ್ತದೆ, ನೀಲಿಯದ್ದರಲ್ಲಿ 2, ಕೆಂಪು ಅಲ್ಲಾಡುವುದೇ ಇಲ್ಲ. ಲುಕ್‌ನಲ್ಲಿ ಲೆಕ್ಕ ಬೇರೆ: ಕೆಂಪು 9, ಬೂದು 4.5, ಕಪ್ಪು ಸೊನ್ನೆ. ಒಂದು ಕಂಪನಿಯಲ್ಲಿ ಕೆಂಪು ಅಂದರೆ ಪೂರ್ತಿ ಬಿಗಿ, ಇನ್ನೊಂದರಲ್ಲಿ ಎಲ್ಲಕ್ಕಿಂತ ಸಡಿಲ. ಹೊಸಬರ ಮಂಡಿಗೆ ಆಟ ಇರುವುದೇ ವಾಸಿ.

ಕಾರ್ಬನ್ ಅಡಿಯ ಶೂ ಹದಿನೈದು, ಇಪ್ಪತ್ತು ಸಾವಿರ ದಾಟುತ್ತದೆ. ಅಡಿ ಗಟ್ಟಿ ಇರಬೇಕು ನಿಜ, ಮೆತ್ತಗಿದ್ದರೆ ಒಂದು ಗಂಟೆಯಲ್ಲಿ ಪಾದದಡಿ ಉರಿ ಹತ್ತುತ್ತದೆ. ಆದರೆ ಆರಂಭಕ್ಕೆ ನೈಲಾನ್ ಅಡಿಯ ಗಟ್ಟಿತನವೇ ಧಾರಾಳ. ಅದಕ್ಕಿಂತ ಮುಖ್ಯ ಅಗಲ. ಬರಿಗಾಲಲ್ಲಿ ಹೊಲ ಮೆಟ್ಟಿದ ಪಾದ ಮುಂದೆ ಹರಡಿಕೊಂಡಿರುತ್ತದೆ, ಯುರೋಪಿನ ಎಷ್ಟೋ ಶೂಗಳು ಮುಂದಕ್ಕೆ ಕಿರಿದು. ಶಿಮಾನೋದ ಕೆಲವು ಮಾಡೆಲ್ಲುಗಳಲ್ಲಿ ಅಗಲದ ಅಳತೆ ಬೇರೆಯಾಗಿಯೇ ಸಿಗುತ್ತದೆ, ಕೇಳಬೇಕು. ಸಂಜೆ ಹೊತ್ತು, ಪಾದ ಸ್ವಲ್ಪ ಊದಿರುವಾಗ, ತಾನು ಹಾಕುವ ಸಾಕ್ಸ್ ಹಾಕಿಕೊಂಡೇ ನೋಡಬೇಕು. ಹಿಮ್ಮಡಿ ಮೇಲಕ್ಕೆ ಜಾರಬಾರದು, ಬೆರಳು ಆಡಬೇಕು. ಕ್ಲೀಟ್ ಸಾಮಾನ್ಯವಾಗಿ ಪೆಡಲ್ಲಿನ ಡಬ್ಬಿಯಲ್ಲಿ ಬರುತ್ತದೆ, ಶೂ ಜೊತೆಗಲ್ಲ. ಹೆಬ್ಬೆರಳಿನ ಬುಡದ ಉಬ್ಬು ಎಲ್ಲಿದೆಯೋ ಅಲ್ಲಿಗೆ ಅದನ್ನು ಕೂರಿಸಬೇಕು. ಈಗ ಮೊಳೆ ಇಲ್ಲ, ಸ್ಕ್ರೂ. ತಪ್ಪಿದರೆ ಬಿಚ್ಚಿ ಸರಿ ಮಾಡಬಹುದು.

ಮೊದಲ ವಾರ ರಸ್ತೆಗೆ ಹೋಗದೆ ಸ್ಕೂಲ್ ಫೀಲ್ಡಿನ ಹುಲ್ಲಿನ ಮೇಲೆ ಸಿಕ್ಕಿಸಿ, ಬಿಡಿಸಿ ರೂಢಿ ಮಾಡಿಕೊ, ಬೀಳುವುದು ಸಾಮಾನ್ಯವಾಗಿ ಸೈಕಲ್ ನಿಲ್ಲಿಸುವಾಗಲೇ ಅಂದೆ. "ಹೂಂ ಅಣ್ಣಾ" ಅಂದವನು, ಪೆಡಲ್ ಸೇರಿ ಎಷ್ಟಾಗುತ್ತದೆ ಅಂತ ಮತ್ತೊಮ್ಮೆ ಲೆಕ್ಕ ಕೇಳಿದ.