ಚೆರಿ ಎಲಿಯಟ್ ಮತ್ತು ಪೊನ್ಮುಡಿಯ ದಾರಿ: ಬಿಎಂಎಕ್ಸ್ ಚರಿತ್ರೆಯ ಒಂದು ಮರುಓದು

ಬಿಎಂಎಕ್ಸ್ (ಬೈಸಿಕಲ್ ಮೋಟೊಕ್ರಾಸ್) ಚರಿತ್ರೆ ಸಾಮಾನ್ಯವಾಗಿ 1970ರ ದಶಕದ ಕ್ಯಾಲಿಫೋರ್ನಿಯಾದ ಗಂಡುಹುಡುಗರಿಂದ ಆರಂಭವಾಗುತ್ತದೆ. ಮೋಟೊಕ್ರಾಸ್ ಸವಾರರನ್ನು ನೋಡಿ ಅವರು ಮಣ್ಣುದಿಬ್ಬಗಳ ಮೇಲೆ ಸೈಕಲ್ ಹಾರಿಸಿದರು. 1971ರ ‘ಆನ್ ಎನಿ ಸಂಡೆ’ ಸಾಕ್ಷ್ಯಚಿತ್ರ ಆ ಹುಚ್ಚನ್ನು ಊರೂರಿಗೆ ಹಬ್ಬಿಸಿತು. ಅದೇ ರಾಜ್ಯದ ಚೆರಿ ಎಲಿಯಟ್ 1980ರ ದಶಕದ ಮೊದಲರ್ಧದಲ್ಲಿ ಹುಡುಗಿಯರ ವಿಭಾಗದ ಅಗ್ರ ಸವಾರರಾದರು. 1989ರಲ್ಲಿ ಬಿಎಂಎಕ್ಸ್ ಹಾಲ್ ಆಫ್ ಫೇಮ್ ಸೇರಿದ ಮೊದಲ ಮಹಿಳೆ ಅವರೇ. ಮುಂದೆ ಮೌಂಟನ್ ಬೈಕಿನ ಡೌನ್‌ಹಿಲ್ ಸ್ಪರ್ಧೆಗೆ ಬಂದು ಅಲ್ಲೂ ಹೆಸರು ಮಾಡಿದರು. 2008ರಲ್ಲಿ ಮೌಂಟನ್ ಬೈಕ್ ಹಾಲ್ ಆಫ್ ಫೇಮ್ ಕೂಡ ಅವರನ್ನು ಸೇರಿಸಿಕೊಂಡಿತು.

ಈ ಎರಡನೆಯ ಗೌರವವೇ ನನ್ನ ವಾದಕ್ಕೆ ಆಧಾರ. ಬಿಎಂಎಕ್ಸ್ ಮಕ್ಕಳಾಟವಲ್ಲ, ಸೈಕಲ್ ಕ್ರೀಡೆಯ ಪ್ರಾಥಮಿಕ ಶಾಲೆ. ಆರಂಭದ ಗೇಟನ್ನೇ ನೋಡಿ: ಮುಂಚಕ್ರವನ್ನು ಗೇಟಿಗೆ ಒತ್ತಿ, ಎರಡೂ ಪೆಡಲ್ ಮೇಲೆ ನಿಂತು, ನೆಲಕ್ಕೆ ಕಾಲು ತಾಗಿಸದೆ ಎಂಟು ಮಂದಿ ಕಾಯುತ್ತಾರೆ. ಗೇಟು ಬಿದ್ದ ಕ್ಷಣದ ಮೊದಲ ತುಳಿತ, ಮೊದಲ ತಿರುವಿಗೆ ಯಾರು ಮುಂದು ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸಿಬಿಡುತ್ತದೆ. 20 ಇಂಚಿನ ಚಕ್ರ, ಒಂದೇ ಗೇರು, ಸುಮಾರು 40 ಸೆಕೆಂಡಿನ ಓಟ. ಆ ಸಮತೋಲ ಎಳೆತನದಲ್ಲೇ ಮೈಗೂಡಬೇಕು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಮಹಿಳಾ ಬಿಎಂಎಕ್ಸ್‌ನ ಮೊದಲ ಚಿನ್ನ ಗೆದ್ದ ಫ್ರಾನ್ಸಿನ ಆನ್-ಕ್ಯಾರೊಲಿನ್ ಶೊಸೋಂ ಕೂಡ ಡೌನ್‌ಹಿಲ್‌ನ ದಿಗ್ಗಜೆಯೇ. ಎಲಿಯಟ್ ನಡೆದ ದಾರಿಯಲ್ಲೇ ಅವರು ಡೌನ್‌ಹಿಲ್‌ನಿಂದ ಬಿಎಂಎಕ್ಸ್‌ಗೆ ಹಿಂದಿರುಗಿ ಬಂದರು.

ಬಿಎಂಎಕ್ಸ್ ಪ್ರಾಥಮಿಕ ಶಾಲೆಯಾದರೆ, ಕೇರಳದ ಮಕ್ಕಳಿಗೆ ಆ ಶಾಲೆ ಎಲ್ಲಿ ಎಂಬ ಪ್ರಶ್ನೆ ಏಳುವುದು ಇಲ್ಲಿ. ತಿರುವನಂತಪುರದ ಕಾರ್ಯವಟ್ಟದಲ್ಲಿ ವೆಲೋಡ್ರೋಮ್ ಇದೆ. 2015ರ ರಾಷ್ಟ್ರೀಯ ಕ್ರೀಡಾಕೂಟದ ಟ್ರ್ಯಾಕ್ ಸೈಕ್ಲಿಂಗ್ ಅಲ್ಲಿಯೇ ನಡೆಯಿತು. 2023ರ ಅಕ್ಟೋಬರ್‌ನಲ್ಲಿ ಅದೇ ಜಿಲ್ಲೆಯ ಪೊನ್ಮುಡಿಯಲ್ಲಿ ಏಷ್ಯನ್ ಮೌಂಟನ್ ಬೈಕ್ ಚಾಂಪಿಯನ್‌ಷಿಪ್ ಜರುಗಿತು. ಪ್ಯಾರಿಸ್ ಒಲಿಂಪಿಕ್ಸ್ ಅರ್ಹತೆಯೂ ಅದರಲ್ಲಿ ಅಡಗಿತ್ತು. ಮೇಲಿನ ಮೆಟ್ಟಿಲು ಹೀಗೆ ಭದ್ರವಾಗಿದೆ. ಆದರೆ ಹತ್ತು ವರ್ಷದ ಹುಡುಗಿ ಪೊನ್ಮುಡಿಯ ಇಪ್ಪತ್ತೆರಡು ಹೇರ್‌ಪಿನ್ ತಿರುವು ಹತ್ತಿ ದಿನವೂ ಅಭ್ಯಾಸಕ್ಕೆ ಹೋಗಲಾರಳು. ಅವಳಿಗೆ ಬೇಕಾದದ್ದು ಮನೆಯ ಹತ್ತಿರದ ಮಣ್ಣಿನ ಟ್ರ್ಯಾಕು.

ಬಿಎಂಎಕ್ಸ್ ಟ್ರ್ಯಾಕಿನ ಉದ್ದ 300ರಿಂದ 400 ಮೀಟರ್. ಬೆಟ್ಟ ಬೇಕಿಲ್ಲ, ಕೊಚ್ಚಿಯಂಥ ಸಮತಟ್ಟಾದ ನಗರದಲ್ಲೂ ಮಣ್ಣು ಪೇರಿಸಿ ಕಟ್ಟಬಹುದು. ತಿರುವನಂತಪುರ, ಕೊಚ್ಚಿ ಎರಡೂ ನಗರಗಳ ಪಾಲಿಕೆಗಳು ತಲಾ ಒಂದು ಟ್ರ್ಯಾಕ್ ಕಟ್ಟಿಸಲಿ, ಮೊದಲ ಓಟದಿಂದಲೇ ಹುಡುಗಿಯರಿಗೆ ಪ್ರತ್ಯೇಕ ವಿಭಾಗವಿಟ್ಟು ಅವರ ಹೆಸರು, ಫಲಿತಾಂಶಗಳನ್ನು ದಾಖಲಿಸಲಿ.